ಜವಾರಿ ಬ್ಯಾಳಿಗೆ ಗಾಜಿನ ಬಾಗಿಲು ಬೇಕೇ?

ಕಲಬುರಗಿ ಜಿಲ್ಲೆಯ ಆಳಂದದ ಬಸ್ ನಿಲ್ದಾಣದ ಎದುರಿಗೋ ಜೇವರ್ಗಿಯ ಹೆದ್ದಾರಿ ಬದಿಗೋ ನಾಳೆ ಒಂದು ಸಾವಯವ ದಿನಸಿ ಮಳಿಗೆ ಬಂತು ಅನ್ನಿ. ಗಾಜಿನ ಬಾಗಿಲು, ಒಳಗೆ ಎಸಿ, ಬಿದಿರು ಬುಟ್ಟಿಯಲ್ಲಿ ನುಗ್ಗೆಸೊಪ್ಪಿನ ಪುಡಿ, ಕಂದು ಕಾಗದದ ಪೊಟ್ಟಣದಲ್ಲಿ ಅರ್ಧ ಕಿಲೋ ತೊಗರಿಬೇಳೆ. ಮೊದಲ ವಾರ ಜನ ನೋಡಲಿಕ್ಕೆ ಬರುತ್ತಾರೆ. ಎರಡನೇ ತಿಂಗಳಿಗೆ ಉಳಿಯುವವರು ಸಕ್ಕರೆ ಕಾಯಿಲೆಯ ಹೈಸ್ಕೂಲು ಮಾಸ್ತರರು, ದವಾಖಾನೆಯ ಡಾಕ್ಟರು, ಬೆಂಗಳೂರಿನಲ್ಲಿ ಮಗನೋ ಮಗಳೋ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಂದೆರಡು ಮನೆಯವರು. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚುತ್ತದೆ. ಮುಚ್ಚಿಕೊಂಡು ಹೋಗುವವರು ಏನು ಹೇಳುತ್ತಾರೆಂದು ಈಗಲೇ ಬರೆದಿಡಬಹುದು: ‘ಈ ಕಡೆಯ ಜನಕ್ಕೆ ಸಾವಯವದ ಅರಿವಿಲ್ಲ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಬಡವರ ಓಣಿಯಲ್ಲಿ ದುಬಾರಿ ಸಾವಯವ ಅಂಗಡಿ ನಡೆಯುವುದಿಲ್ಲ ಎಂಬುದು ನಿಜ. ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ಈ ಪ್ರಯೋಗವನ್ನು ಅಮೆರಿಕದವರು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. ಚಿಕಾಗೊ ನಗರದ ದಕ್ಷಿಣ ಭಾಗದಲ್ಲಿರುವ ಎಂಗಲ್‌ವುಡ್ ಬಹುಪಾಲು ಕಪ್ಪು ಜನರ, ಕಡಿಮೆ ಆದಾಯದವರ ಬಡಾವಣೆ. ಅಲ್ಲಿ 2016ರ ಸೆಪ್ಟೆಂಬರಿನಲ್ಲಿ ಸಾವಯವ ದಿನಸಿ ಮಾರುವ ಹೋಲ್ ಫುಡ್ಸ್ ಕಂಪನಿ ಮಳಿಗೆ ತೆರೆಯಿತು. ಪೂರಾ ಪಗಾರ ನುಂಗುವ ಅಂಗಡಿ ಎಂದು ಜನ ಅಡ್ಡಹೆಸರಿಟ್ಟ ಕಂಪನಿ ಅದು. ಅದು ಬರಲೆಂದೇ ನಗರಾಡಳಿತ ಆ ಜಾಗದ ವ್ಯಾಪಾರ ಸಂಕೀರ್ಣಕ್ಕೆ ಒಂದು ಕೋಟಿ ಡಾಲರಿಗೂ ಮೇಲೆ ನೆರವು ಕೊಟ್ಟಿತು. ಹಾಲು, ಮೊಟ್ಟೆಯಂಥ ಕೆಲವು ಸಾಮಾನಿನ ದರವನ್ನು ಕಂಪನಿ ತನ್ನ ಬೇರೆ ಮಳಿಗೆಗಳಿಗಿಂತ ಕಡಿಮೆ ಇಟ್ಟಿತು. ಸ್ಥಳೀಯರಿಗೆ ಕೆಲಸ ಕೊಟ್ಟಿತು. ಇಷ್ಟೆಲ್ಲ ಆದರೂ 2022ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಅದೇ ಕಂಪನಿ 2013ರಲ್ಲಿ ಡೆಟ್ರಾಯಿಟ್ ನಗರದಲ್ಲಿ ತೆರೆದ ಮಳಿಗೆ ಮಾತ್ರ ನಿಂತಿತು. ಅದರ ಸುತ್ತ ವಿಶ್ವವಿದ್ಯಾಲಯವಿದೆ, ಆಸ್ಪತ್ರೆಗಳಿವೆ, ತಿಂಗಳ ಸಂಬಳದವರಿದ್ದಾರೆ.

ಅಲ್ಲಿನ ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಲೆಕ್ಕ ಹಾಕಿಯೂ ನೋಡಿದರು. ಬಡವರ ಬಡಾವಣೆಗೆ ಶ್ರೀಮಂತರ ಬಡಾವಣೆಯಲ್ಲಿ ಸಿಗುವಂಥದೇ ಸಾಮಾನು, ಅದೇ ದರದಲ್ಲಿ ಸಿಕ್ಕರೆ ಇಬ್ಬರ ಊಟದ ಪೌಷ್ಟಿಕತೆಯ ಅಂತರ ಎಷ್ಟು ಕಡಿಮೆಯಾದೀತು? 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು ಶೇ 10ರಷ್ಟು ಮಾತ್ರ ಎಂದಿತು. ಉಳಿದ ಶೇ 90ರಷ್ಟು ಅಂತರ, ಜನ ಏನನ್ನು ಕೊಳ್ಳಲು ಬಯಸುತ್ತಾರೆ ಎಂಬುದಕ್ಕೆ ಸೇರಿದ್ದು. ಅಂದರೆ ಅಂಗಡಿ ಹತ್ತಿರ ತಂದ ಮಾತ್ರಕ್ಕೆ ಊಟ ಬದಲಾಗುವುದಿಲ್ಲ.

ಈ ಅಧ್ಯಯನವನ್ನು ಹಾಗೇ ಎತ್ತಿ ತಂದು ನಮ್ಮ ಭೀಮಾ ನದಿಯ ದಂಡೆಯಲ್ಲಿ ಇಡಲಿಕ್ಕೆ ಬರುವುದಿಲ್ಲ. ಅಮೆರಿಕದ ಬಡವರ ಬಾಯಿಗೆ ಮೂರು ತಲೆಮಾರು ಕಾರ್ಖಾನೆಯ ಡಬ್ಬಿ ಊಟ ರೂಢಿಯಾಗಿದೆ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಬೆಂಗಳೂರಿನ ಸಾವಯವ ಮಳಿಗೆ ‘ಸೂಪರ್ ಫುಡ್’ ಎಂದು ಮಾರುವ ಬಿಳಿಜೋಳ, ಸಜ್ಜೆ, ಅಗಸಿ, ಗುರೆಳ್ಳು, ಪುಂಡಿಪಲ್ಯ ಇವೇ ಅಫಜಲಪುರದ ಕೂಲಿಯವರ ಮನೆಯ ಬುತ್ತಿ. ಕಟಿರೊಟ್ಟಿ, ಮೇಲೆ ಶೇಂಗಾ ಹಿಂಡಿ, ಪಕ್ಕಕ್ಕೆ ಒಂದು ಉಳ್ಳಾಗಡ್ಡಿ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ, ಕಡುಬು ಉಣ್ಣುವ ಮಂದಿಗೆ ಸಿರಿಧಾನ್ಯದ ಮಹತ್ವ ತಿಳಿಸಲು ಫಲಕ ಹಾಕುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದಂತೆ.

ಅರಿವು ಇದೆ, ರುಚಿ ಗೊತ್ತಿದೆ. ಆದರೂ ಆ ಅಂಗಡಿಗೆ ಯಾಕೆ ಹೋಗುವುದಿಲ್ಲ?

ಮೊದಲನೆಯದು ಉದ್ರಿ. ಓಣಿಯ ಕಿರಾಣಿ ಅಂಗಡಿ ಬರೀ ಸಾಮಾನು ಮಾರುವುದಿಲ್ಲ, ಬಡ್ಡಿ ಇಲ್ಲದ ಬ್ಯಾಂಕೂ ಆಗಿರುತ್ತದೆ. ಕಬ್ಬು ಕಡಿದ ದುಡ್ಡು ಬಂದಾಗ, ತೊಗರಿ ರಾಶಿಯಾದಾಗ, ಪುಣೆಗೆ ದುಡಿಯಲು ಹೋದ ಮಗ ಫೋನ್‌ಪೇ ಮಾಡಿದಾಗ ವಹಿಯಲ್ಲಿನ ಬಾಕಿ ಚುಕ್ತಾ. ನಡುವೆ ಮಗುವಿಗೆ ಜ್ವರ ಬಂದರೆ ಕೈಗಡವೂ ಅಲ್ಲೇ ಸಿಗುತ್ತದೆ. ಬಾರ್‌ಕೋಡ್ ಓದುವ ಯಂತ್ರಕ್ಕೆ ‘ಶುಕ್ರವಾರ ಕೊಡ್ತೀನ್ರಿ ಅಣ್ಣಾ’ ಎಂದರೆ ತಿಳಿಯುವುದಿಲ್ಲ.

ಎರಡನೆಯದು ತೂಕ. ದಿನಗೂಲಿಯವರು ದಿನದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಪಾವು ಕಿಲೋ ಬ್ಯಾಳಿ, ಹತ್ತು ರೂಪಾಯಿ ಎಣ್ಣೆ, ಐದು ರೂಪಾಯಿ ಚಾಪುಡಿ. ಸಾವಯವ ಪೊಟ್ಟಣ ಶುರುವಾಗುವುದೇ ಅರ್ಧ ಕಿಲೋದಿಂದ. ಅದನ್ನು ಬಿಚ್ಚಿ ಕೊಡುವಂತಿಲ್ಲ, ಬಿಚ್ಚಿದರೆ ಅದರ ಮೇಲಿನ ಪ್ರಮಾಣಪತ್ರದ ಮುದ್ರೆಗೆ ಬೆಲೆಯಿಲ್ಲ. ಕಾಳು ಅಂಗೈಯಲ್ಲಿ ಹಾಕಿಕೊಂಡು, ಒಂದನ್ನು ಹಲ್ಲಿನಲ್ಲಿ ಕಡಿದು, ಹೊಸದೋ ಹಳೆಯದೋ ಎಂದು ಹೇಳಬಲ್ಲ ಹೆಣ್ಣುಮಗಳಿಗೆ ಮುಚ್ಚಿದ ಪೊಟ್ಟಣದ ಮೇಲೆ ಯಾಕೆ ನಂಬಿಕೆ ಬರಬೇಕು?

ಮೂರನೆಯದು ದರ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 2025–26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಕ್ವಿಂಟಲ್ ತೊಗರಿ ಒಡೆದರೆ 70 ಕಿಲೋ ಆಸುಪಾಸು ಬೇಳೆ ಬರುತ್ತದೆ. ಹಾಗಾದರೆ ಕಿಲೋ ಬೇಳೆಯಲ್ಲಿನ ತೊಗರಿಯ ಕಿಮ್ಮತ್ತೇ 114 ರೂಪಾಯಿ. ಇದರ ಮೇಲೆ ಗಿರಣಿ, ಚೀಲ, ಸಾಗಣೆ, ಅಡತಿ, ಅಂಗಡಿಯವನ ಲಾಭ. ಸಾವಯವವಾದರೆ ಇನ್ನೂ ಮೇಲಕ್ಕೆ ಪ್ರಮಾಣೀಕರಣದ ಖರ್ಚು, ಬೇರೆ ಗೋದಾಮು, ಬೇರೆ ಪ್ಯಾಕಿಂಗ್, ಮಳಿಗೆಯ ಬಾಡಿಗೆ, ಎಸಿಯ ಕರೆಂಟ್ ಬಿಲ್ಲು. ಮಾಮೂಲಿ ಬೇಳೆಯ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ದರಕ್ಕೆ ಅದು ನಿಲ್ಲುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಕೇಂದ್ರದ 2023–24ರ ಮನೆಖರ್ಚಿನ ಸಮೀಕ್ಷೆಯಂತೆ ಹಳ್ಳಿಯ ಮನೆಗಳು ಒಟ್ಟು ಖರ್ಚಿನಲ್ಲಿ ಸುಮಾರು ಶೇ 47, ಪಟ್ಟಣದವರು ಸುಮಾರು ಶೇ 40 ಊಟಕ್ಕೇ ಹಾಕುತ್ತಾರೆ. ಅದು ಬಡವರು ಶ್ರೀಮಂತರು ಕೂಡಿದ ಸರಾಸರಿ. ಕೆಳಗಿನವರ ಪಾಲು ಇದಕ್ಕಿಂತ ಹೆಚ್ಚೇ. ಅರ್ಧ ದುಡಿಮೆ ಹೊಟ್ಟೆಗೆ ಹೋಗುವ ಮನೆಯಲ್ಲಿ ಬೇಳೆಯ ದರ ಎರಡು ಪಟ್ಟಾದರೆ ಬೇಳೆ ನೀರಾಗುತ್ತದೆ, ಅಷ್ಟೇ.

ಇನ್ನು ನಾಲ್ಕನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಪ್ಪಲಿ ಧೂಳಾಗಿದ್ದರೆ ಆ ಗಾಜಿನ ಬಾಗಿಲು ತಳ್ಳಲು ಕೈ ಬರುವುದಿಲ್ಲ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಸಿಟಿ ಬಸ್ ನಿಲ್ದಾಣದ ಸುತ್ತಲಿನ ಗದ್ದಲದ ಬಜಾರು. ಅಲ್ಲಿ ನೆಲದ ಮೇಲೆ ಕುಂತು ಸೊಪ್ಪು ಮಾರುವವಳ ಹತ್ತಿರ ಯಾರು ಬೇಕಾದರೂ ಚೌಕಾಸಿ ಮಾಡಬಹುದು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಅದೇ ನೆಲದ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯ ಟ್ಯಾಗ್ ಸಿಕ್ಕಿತು. ಸುಣ್ಣದ ಅಂಶವಿರುವ ಕರಿ ಎರೆಭೂಮಿಯಿಂದ ಈ ಬೇಳೆಗೆ ಬರುವ ರುಚಿ, ವಾಸನೆ ಬೇರೆ ಕಡೆಯ ಬೇಳೆಗೆ ಇಲ್ಲ ಎಂಬುದು ಆ ಮಾನ್ಯತೆಯ ತಿರುಳು. ಟ್ಯಾಗ್ ಬಂದರೂ ದಾರಿ ಹಳೆಯದೇ. ರಾಶಿಯಾದ ಕೂಡಲೇ ಸಾಲ ತೀರಿಸಲು ತೊಗರಿ ಗಂಜ್ ಮಾರುಕಟ್ಟೆಗೆ ಹೋಗುತ್ತದೆ. ದಾಲ್ ಮಿಲ್ಲಿನಲ್ಲಿ ಒಡೆದು, ಪಾಲಿಶ್ ಆಗಿ ದೂರದ ಊರುಗಳಿಗೆ ಲಾರಿ ಹತ್ತುತ್ತದೆ. ಬಿತ್ತಿದವರು ಮಳೆಗಾಲದ ಹೊತ್ತಿಗೆ ಓಣಿಯ ಅಂಗಡಿಯಲ್ಲಿ ಯಾವ ಊರಿನದೋ ಬೇಳೆಯನ್ನು ಪಾವು ಕಿಲೋ ಲೆಕ್ಕದಲ್ಲಿ ತರುತ್ತಾರೆ. ಗುಳೆ ಹೋದವರು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಾರೆ. ಆ ಕಟ್ಟಡದ ನೆಲಮಹಡಿಗೆ ಸಾವಯವ ಮಳಿಗೆ ಬರುತ್ತದೆ, ಅದರೊಳಗೆ ಕಲಬುರಗಿ ಬೇಳೆ ಇರುತ್ತದೆ.

ಸಾವಯವದ ಚರ್ಚೆಯಲ್ಲಿ ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಇಡೀ ಚರ್ಚೆ ಉಣ್ಣುವವರ ತಾಟಿನ ಸುತ್ತಲೇ ತಿರುಗುತ್ತದೆ: ಬೇಳೆಯಲ್ಲಿ ಎಷ್ಟು ವಿಷ ಉಳಿದಿದೆ, ನನ್ನ ಮಗುವಿಗೆ ಏನಾದೀತು. ವಿಷ ಮೊದಲು ಮುಟ್ಟುವುದು ತಾಟನ್ನಲ್ಲ, ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವವನ ಬೆನ್ನನ್ನು. ತೊಗರಿ ಹೂವಿಗೆ ಬಂದಾಗ ಕಾಯಿಕೊರಕದ ಕಾಟ, ಜೇವರ್ಗಿ ಕಡೆಯ ಹತ್ತಿಗೆ ಇನ್ನೊಂದು ಹುಳು. ಪಂಪು ಬೆನ್ನಿಗೇರಿಸಿ, ಬಾಯಿಗೆ ಒಂದು ಟವೆಲ್ ಸುತ್ತಿಕೊಂಡು ಎಕರೆಗಟ್ಟಲೆ ಹೊಡೆಯುವವರು ಇದೇ ಬಡವರ ಓಣಿಯ ಗಂಡಸರು. ಆ ಬಟ್ಟೆ ಒಗೆಯುವವರು ಅವರ ಮನೆಯ ಹೆಂಗಸರು. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ರಾಸಾಯನಿಕ ಕಡಿಮೆಯಾದರೆ ಎಲ್ಲರಿಗಿಂತ ಮೊದಲು ಲಾಭವಾಗುವುದು ಈ ಓಣಿಯವರಿಗೆ. ಆದರೆ ಪೊಟ್ಟಣದ ಹಿಂದೆ ಅವರ ಆರೋಗ್ಯದ ಮಾತು ಒಂದು ಸಾಲೂ ಇರುವುದಿಲ್ಲ.

ಎಣ್ಣಿಯಿಲ್ಲದೆ ತೊಗರಿ ಬೆಳೆಯಲು ಬರುವುದೇ ಇಲ್ಲ ಅನ್ನುವಂತಿಲ್ಲ. ಸಾಲಿನ ನಡುವೆ ತಾಡಪತ್ರಿ ಎಳೆಯುತ್ತ ಗಿಡ ಅಲುಗಿಸಿ ಹುಳು ಉದುರಿಸುವ ಪದ್ಧತಿ ಕಲಬುರಗಿ ಜಿಲ್ಲೆಯ ರೈತರದೇ. ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ದಾಖಲಿಸಿದ್ದಾರೆ. 2022–23ರಲ್ಲಿ ನೆಟೆರೋಗ ಬಂದು ಜಿಲ್ಲೆಯ ತೊಗರಿ ಒಣಗಿದಾಗ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಒಂದೇ ಹೊಲದಲ್ಲಿ ವರ್ಷಾ ವರ್ಷಾ ತೊಗರಿಯನ್ನೇ ಬಿತ್ತಿದರೆ ಈ ರೋಗ ಮಣ್ಣಿನಲ್ಲಿ ಮನೆ ಮಾಡುತ್ತದೆ, ಜೋಳದ ಜೊತೆ ಬೆಳೆ ಬದಲಿಸಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಹಿಂಗಾರಿ ಜೋಳಕ್ಕಂತೂ ನೀರಾವರಿ ಬೇಡ, ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬರುತ್ತದೆ. ಅದಕ್ಕೆ ಎಣ್ಣಿ ಹೊಡೆಯುವವರೂ ಅಪರೂಪ. ಯಾವ ಮುದ್ರೆಯೂ ಇಲ್ಲದೆ ಹೆಚ್ಚುಕಡಿಮೆ ಸಾವಯವವಾಗಿಯೇ ಬೆಳೆಯುವ ಧಾನ್ಯ ಅದು.

ಹಾಗಿದ್ದರೂ ಜೋಳ ಕಡಿಮೆಯಾಯಿತು. ಒಂದು ಕಡೆ ತೊಗರಿ, ಹತ್ತಿ, ಕಬ್ಬು ಹೊಲ ನುಂಗಿದವು. ಇನ್ನೊಂದು ಕಡೆ ಅಕ್ಕಿ ಅಡುಗೆಮನೆಗೆ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಹಸಿವಿನ ಭಯ ಕಡಿಮೆಯಾಯಿತು. ಅದನ್ನು ಹಗುರಾಗಿ ನೋಡುವವರ ಜೊತೆ ನನ್ನ ಜಗಳವಿದೆ. ಆದರೆ ಪುಕ್ಕಟೆ ಅಕ್ಕಿಯ ಎದುರು ದುಡ್ಡು ಕೊಟ್ಟು ತರುವ ಜೋಳ ನಿಲ್ಲಲಿಲ್ಲ ಎಂಬುದೂ ನಿಜವೇ. ಮಾಲ್ದಂಡಿ ಜೋಳದ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ 3,749 ರೂಪಾಯಿ. ಇಳುವರಿ ಕಡಿಮೆಯಾದ ವರ್ಷ ಒಳ್ಳೆಯ ಬಿಳಿಜೋಳ ಇದಕ್ಕಿಂತ ಎಷ್ಟೋ ಮೇಲೇರುತ್ತದೆ. ಜೊತೆಗೆ ರೊಟ್ಟಿ ಬಡಿಯುವ ದುಡಿಮೆ. ದಿನವಿಡೀ ಹೊಲದಲ್ಲಿ ಬಗ್ಗಿ ಬಂದ ಹೆಣ್ಣುಮಗಳು ರಾತ್ರಿ ಹತ್ತಿಪ್ಪತ್ತು ರೊಟ್ಟಿ ಬಡಿಯುವುದಕ್ಕಿಂತ ಕುಕ್ಕರಿನ ಎರಡು ಸೀಟಿ ಆರಿಸಿಕೊಂಡರೆ ಅವಳಿಗೆ ಯಾರು ಏನನ್ನಬೇಕು? ಹಾಗಾಗಿ ಬಡವರ ತಾಟು ಈಗಲೂ ಪೂರ್ತಿ ಜವಾರಿ ಎಂದು ನಾವು ಹೊಗಳುತ್ತ ಕೂರುವಂತಿಲ್ಲ. ಜೋಳ ಉಣ್ಣಬೇಕೆಂಬ ಮನಸ್ಸಿನ ಬಡವರಿಗೆ ಜೋಳ ಕೈಗೆಟುಕದಂತಾಗಿದೆ ಎಂಬುದೇ ಇವತ್ತಿನ ಸ್ಥಿತಿ.

ಇದಕ್ಕೊಂದು ಉತ್ತರ ನಮ್ಮ ಪಕ್ಕದಲ್ಲೇ ನಡೆದಿತ್ತು. ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ನಮ್ಮ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಹಿಂದೆ ಮುಂದೆ ನಿಂತವರು ಬಹುಪಾಲು ದಲಿತ ಹೆಣ್ಣುಮಕ್ಕಳ ಸಂಘಗಳು. 1990ರ ದಶಕದ ನಡುವಿನಲ್ಲಿ ಈ ಹೆಣ್ಣುಮಕ್ಕಳು ತಮ್ಮದೇ ಒಂದು ಪಡಿತರ ವ್ಯವಸ್ಥೆ ಕಟ್ಟಿದರು. ಬೀಳು ಬಿದ್ದ ಬಡವರ ಹೊಲಗಳಿಗೆ ಉಳುಮೆ, ತಿಪ್ಪೆಗೊಬ್ಬರ, ಬೀಜಕ್ಕೆ ಸಾಲ ಕೊಟ್ಟರು. ಸಾಲ ತೀರಿಸಬೇಕಾದ್ದು ದುಡ್ಡಿನಲ್ಲಿ ಅಲ್ಲ, ಜೋಳದಲ್ಲಿ. ಬಂದ ಜೋಳವನ್ನು ಊರಲ್ಲೇ ಕೂಡಿಟ್ಟರು. ಮಳೆಗಾಲದಲ್ಲಿ ಮನೆಯ ಕಾಳು ಮುಗಿದು ಕೂಲಿಯೂ ಸಿಗದ ಹೊತ್ತಿಗೆ ಕಡಿಮೆ ದರಕ್ಕೆ ಅಲ್ಲಿನ ಕಡುಬಡವರಿಗೆ ಹಂಚಿದರು. ಯಾರು ಕಡುಬಡವರು ಎಂದು ತೀರ್ಮಾನಿಸಿದ್ದೂ ಊರಿನವರೇ ಕೂತು, ಎಲ್ಲರ ಎದುರಿಗೆ. ರಾಸಾಯನಿಕವಿಲ್ಲದ ಧಾನ್ಯ, ಊರಲ್ಲೇ ಬೆಳೆದದ್ದು, ಊರಲ್ಲೇ ಉಳಿದದ್ದು, ಎಲ್ಲರಿಗಿಂತ ಬಡವರಿಗೆ ಎಲ್ಲರಿಗಿಂತ ಮೊದಲು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅದೇ ಪ್ರಶಸ್ತಿ 2025ರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ ಸಿಕ್ಕಿದೆ. ಅವರ ಹತ್ತಿರ ಬೀಜ ಬ್ಯಾಂಕ್ ಇದೆ, ಸಿರಿಧಾನ್ಯ ಸಂಸ್ಕರಣೆಯ ಘಟಕ ಇದೆ.

ಎಂಗಲ್‌ವುಡ್‌ಗೂ ಜಹೀರಾಬಾದಿಗೂ ಇರುವ ವ್ಯತ್ಯಾಸ ದುಡ್ಡಿನದಲ್ಲ. ಅಲ್ಲಿ ಸರ್ಕಾರ ಕೋಟಿ ಡಾಲರ್ ಕೊಟ್ಟಿತು, ಅಂಗಡಿ ಹೊರಗಿನವರದಾಗಿತ್ತು. ಬೇಡವೆನಿಸಿದ ದಿನ ಎದ್ದು ಹೋಯಿತು. ಇಲ್ಲಿ ಬೀಜ, ಹೊಲ, ಗೋದಾಮು, ದರದ ತೀರ್ಮಾನ ಎಲ್ಲವೂ ಉಣ್ಣುವವರ ಕೈಯಲ್ಲೇ ಇದ್ದವು.

ಕಲಬುರಗಿಯಲ್ಲೂ ಒಂದು ಆರಂಭ ಆಗಿದೆ. ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ಯನ್ನು ಬ್ರ್ಯಾಂಡ್ ಮಾಡಿದ್ದಾರೆ. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನು ಹೆಸರಿಸಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಆಗುತ್ತಿದೆ ಎಂದರು. ಬೆಂಗಳೂರಿನಲ್ಲೂ ಮಾರಾಟವಿದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಬೆಂಗಳೂರಿನವರು ಉಣ್ಣಲಿ, ಒಳ್ಳೆಯ ದರ ಕೊಡಲಿ. ನನ್ನ ತಕರಾರು ಅದಲ್ಲ. ಆದರೆ ಆ ಸಂಘಗಳ ಗಿರಣಿಯಿಂದಲೇ ಆಳಂದದ ಓಣಿಗೆ ಬಿಡಿ ಜೋಳದ ಹಿಟ್ಟು, ಪಾಲಿಶ್ ಮಾಡದ ಬೇಳೆ ಪಾವು ಕಿಲೋ ಲೆಕ್ಕದಲ್ಲಿ, ಸಂತೆಯ ದಿನ ತಕ್ಕಡಿ ಹಿಡಿದು ಸಿಗುವಂತಾಗಬೇಕು. ಎಸಿ ಇಲ್ಲ, ಪೊಟ್ಟಣ ಇಲ್ಲ, ಜಾಹೀರಾತು ಇಲ್ಲ. ಅಷ್ಟು ಖರ್ಚು ಕಳೆದರೆ ಸಾವಯವ ಬೇಳೆ ಮಾಮೂಲಿ ದರಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂಬುದನ್ನು ಮೇಲಿನ ಲೆಕ್ಕದಿಂದ ಓದುಗರೇ ಊಹಿಸಬಹುದು.

ಪ್ರಮಾಣಪತ್ರದ ಅಡ್ಡಿ ಕೂಡ ಅಂದುಕೊಂಡಷ್ಟು ದೊಡ್ಡದಲ್ಲ. ಖಾಸಗಿ ಸಂಸ್ಥೆಯ ಪ್ರಮಾಣೀಕರಣಕ್ಕೆ ಖರ್ಚಿದೆ, ವಾರ್ಷಿಕ ಬೆಳೆಗೆ ಎರಡು ವರ್ಷದ ಪರಿವರ್ತನೆ ಅವಧಿ ಇದೆ. ಆದರೆ ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ತಪಾಸಣೆ ಮಾಡುವ ಪಿಜಿಎಸ್ ಪದ್ಧತಿಯನ್ನು ಕೇಂದ್ರ ಸರ್ಕಾರವೇ ಒಪ್ಪಿದೆ. 2017ರ ಸಾವಯವ ಆಹಾರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರರು, ಬೆಳೆಗಾರರ ಸಂಘಗಳು ಗಿರಾಕಿಗೆ ನೇರ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿಯೂ ಇದೆ. ಊರ ಸಂತೆಯ ವ್ಯಾಪಾರಕ್ಕೆ ಇದೇ ಸಾಕು. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಸಾವಯವ ಭಾಗ್ಯ ಯೋಜನೆಯಲ್ಲಿ ಪ್ರಾಂತೀಯ ಒಕ್ಕೂಟಗಳನ್ನೂ ಮಾಡಿದೆವು. ಮೇಳಗಳು ಬೆಂಗಳೂರಿನಲ್ಲಿ ಆದವು. ಕೊಳ್ಳುವವರು ಯಾರೆಂದು ಯೋಚಿಸುವಾಗಲೆಲ್ಲ ನಮ್ಮ ಕಣ್ಣು ರಾಜಧಾನಿಯ ಕಡೆಗೇ ಹೋಯಿತು.

ಈಗೊಂದು ಅವಕಾಶವಿದೆ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ರಾಜ್ಯದ ಬಡವರ ಅಡುಗೆಮನೆಗೆ ಬೇಳೆ ಒಯ್ಯುವ ಇಷ್ಟು ದೊಡ್ಡ ದಾರಿ ಯಾವ ಕಂಪನಿಯ ಹತ್ತಿರವೂ ಇಲ್ಲ. ಆ ಬೇಳೆ ಟೆಂಡರ್ ಹಿಡಿದ ದೊಡ್ಡ ವ್ಯಾಪಾರಿಯ ಗೋದಾಮಿನಿಂದ, ಹೊರದೇಶದ ಹಡಗಿನಿಂದ ಇಳಿದ ತೊಗರಿಯಿಂದ ಬರಬೇಕಾಗಿಲ್ಲ. ಕನಿಷ್ಠ ಕಲಬುರಗಿ ಜಿಲ್ಲೆಯ ಕಿಟ್ಟುಗಳಿಗಾದರೂ ಆಳಂದ, ಅಫಜಲಪುರ, ಜೇವರ್ಗಿಯ ರೈತ ಗುಂಪುಗಳಿಂದ ಎಣ್ಣಿ ಹೊಡೆಯದ ತೊಗರಿ ಕೊಂಡು, ಸ್ವಸಹಾಯ ಸಂಘಗಳ ಗಿರಣಿಯಲ್ಲೇ ಒಡೆಸಿ ಕೊಡಲಿ. ಜೋಳವನ್ನೂ ಅದೇ ದಾರಿಯಲ್ಲಿ ಸೇರಿಸಲಿ. ಇವತ್ತು ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಸಾವಯವ ತೊಗರಿಗೆ ಬೇರೆ ದರವೂ ಇಲ್ಲ, ಬೇರೆ ರಾಶಿಯೂ ಇಲ್ಲ. ಎಣ್ಣಿ ಹೊಡೆದದ್ದೂ ಹೊಡೆಯದ್ದೂ ಒಂದೇ ಚೀಲಕ್ಕೆ ಬೀಳುತ್ತವೆ. ಆಹಾರ ಇಲಾಖೆ, ಕೃಷಿ ಇಲಾಖೆ ಮತ್ತು ಕಲಬುರಗಿಯಲ್ಲೇ ಇರುವ ತೊಗರಿ ಅಭಿವೃದ್ಧಿ ಮಂಡಳಿ ಒಟ್ಟಿಗೆ ಕೂತು, ಮುಂದಿನ ರಾಶಿ ಶುರುವಾಗುವುದರೊಳಗೆ ಆ ಎರಡನೇ ರಾಶಿಗೆ ಜಾಗ ಮಾಡಿಕೊಡಲಿ.